ಗುಜರಿ ಸಾಮಾನಿನಲ್ಲಿ ಸೈಕಲ್‌ಗೆ ಮೋಟರ್ ಕೂರಿಸಬೇಕು. ಪೆಟ್ರೋಲ್ ಎಂಜಿನ್ನೋ, ಬ್ಯಾಟರಿಯೋ?

ಸಾಗರದ ಫಿಟ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವನು, ಐಟಿಐ ಫಿಟ್ಟರ್ ಎರಡನೇ ವರ್ಷ. ನಮ್ಮ ಮನೆಯಿಂದ ಹಾಲಿನ ಡೇರಿಗೆ ನಾಲ್ಕು ಕಿಲೋಮೀಟರ್. ಅಪ್ಪ ಬೆಳಗ್ಗೆ ಒಮ್ಮೆ, ಸಾಯಂಕಾಲ ಒಮ್ಮೆ ಸೈಕಲ್ ಕ್ಯಾರಿಯರ್‌ಗೆ ಕ್ಯಾನು ಕಟ್ಟಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಒಂದು ಏರು ಇದೆ, ಅಲ್ಲಿ ಇಳಿದು ತಳ್ಳಲೇಬೇಕು. ಈಗ ಅವರಿಗೆ ಮಂಡಿನೋವು ಬೇರೆ ಶುರುವಾಗಿದೆ. ಟಿವಿಎಸ್ ಎಕ್ಸೆಲ್ ಮೊಪೆಡ್ ತಗೊಳ್ಳೋಣ ಅಂದರೆ ಸದ್ಯಕ್ಕೆ ದುಡ್ಡಿಲ್ಲ, ಅಪ್ಪನಿಗೆ ಲೈಸೆನ್ಸೂ ಇಲ್ಲ.

ಅದಕ್ಕೆ ಸೈಕಲ್‌ಗೇ ಏನಾದರೂ ಕೂರಿಸೋಣ ಅಂತ ಗುಜರಿ ಅಂಗಡಿ ಸುತ್ತುತ್ತಿದ್ದೇನೆ. ಇಲ್ಲಿವರೆಗೆ ಕಣ್ಣಿಗೆ ಬಿದ್ದಿರೋದು ಇಷ್ಟು. ಒಂದು ಹಳೆ ಟಿವಿಎಸ್ 50 ಎಂಜಿನ್, ಕಾರ್ಬುರೇಟರ್ ಸಮೇತ ಇದೆ, ಆದರೆ ಪೇಪರ್ ಏನೂ ಇಲ್ಲ. ಅಡಿಕೆ ತೋಟದಲ್ಲಿ ಕಳೆ ಹೊಡೆಯೋ ಮಷಿನ್ ಒಂದಿದೆ, ಉದ್ದನೆಯ ರಾಡ್ ಬಗ್ಗಿ ಹೋಗಿದೆ, ಎಂಜಿನ್ ಮಾತ್ರ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು, 35 ಸಿಸಿ. ಆಮೇಲೆ ಕೆಟ್ಟ ಸೋಲಾರ್ ಬೀದಿದೀಪಗಳಿಂದ ಬಿಚ್ಚಿದ ಬ್ಯಾಟರಿಗಳ ರಾಶಿ ಇದೆ, ಒಳಗೆ ದಪ್ಪ ದಪ್ಪ ಸಿಲಿಂಡರ್ ಆಕಾರದ ಸೆಲ್‌ಗಳು.

ಸೈಕಲ್ ಅಪ್ಪನದೇ, ರಾಡ್ ಬ್ರೇಕಿನ ಹಳೆ 28 ಇಂಚಿನದು. ವೆಲ್ಡಿಂಗ್, ಲೇತ್ ಕೆಲಸ ನನಗೆ ಬರುತ್ತದೆ. ಕರೆಂಟಿನ ಕೆಲಸ ಅಷ್ಟಕ್ಕಷ್ಟೆ. ಸ್ಪೀಡ್ ಬೇಡ. ಏರಿನಲ್ಲಿ ಅಪ್ಪ ಇಳಿಯದೆ ಹೋಗುವಂತಾದರೆ ಸಾಕು. ಈ ಮೂರರಲ್ಲಿ ಯಾವುದನ್ನು ಹಿಡಿಯಲಿ?

ಗ್ಯಾರೇಜ್ ಮಾವ, ದಾವಣಗೆರೆ:

ತಮ್ಮಾ, ಎಂಜಿನ್ ವಿಷಯ ಆಮೇಲೆ. ಮೊದಲು ಬ್ರೇಕ್ ನೋಡು.

ರಾಡ್ ಬ್ರೇಕ್ ಸೈಕಲ್ಲಿನ ರಿಮ್ ಸ್ಟೀಲಿಂದು. ಮಳೆ ಬಿದ್ದರೆ ಆ ರಬ್ಬರ್ ತುಂಡು ಒದ್ದೆ ಸ್ಟೀಲಿನ ಮೇಲೆ ಜಾರುತ್ತದೆ, ಹಿಡಿಯೋದಿಲ್ಲ. ನಿಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಸ್ಪೀಡು ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾದ ಜಾಗ ನಾಲ್ಕು ಪಟ್ಟಾಗುತ್ತದೆ. ಏರು ಹತ್ತಿಸೋದನ್ನು ಎಲ್ಲರೂ ಯೋಚಿಸುತ್ತಾರೆ, ಅದೇ ಏರು ವಾಪಸ್ ಬರುವಾಗ ಇಳಿಜಾರು ಅಲ್ವಾ?

ಎರಡನೇದು ಫ್ರೇಮು. ಹಳೆ ಸೈಕಲ್ ಫ್ರೇಮಿನ ಪೈಪುಗಳನ್ನು ಮೂಲೆಯ ತೋಳುಗಳೊಳಗೆ ಕೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಪೈಪ್ ತೆಳ್ಳಗೆ. ಅಲ್ಲಿ ಆರ್ಕ್ ವೆಲ್ಡಿಂಗ್ ಹೊಡೆದರೆ ಒಂದೋ ಪೈಪ್ ತೂತಾಗುತ್ತದೆ, ಇಲ್ಲ ಹಿತ್ತಾಳೆ ಸಡಿಲವಾಗುತ್ತದೆ, ಅದೂ ಇಲ್ಲದಿದ್ದರೆ ವೆಲ್ಡಿಂಗ್ ಪಕ್ಕದಲ್ಲೇ ನಿಧಾನಕ್ಕೆ ಬಿರುಕು ಬಿಡುತ್ತದೆ. ಟಿವಿಎಸ್ 50 ಎಂಜಿನ್ ಒಳ್ಳೇದೇ, ಆದರೆ ಅದಕ್ಕೆ ಅಂತಲೇ ಮಾಡಿದ ಚಾಸಿ, ದಪ್ಪ ಟೈರು, ಡ್ರಮ್ ಬ್ರೇಕ್ ಇತ್ತು. ಅದರ ನಡುಕ ಈ ಫ್ರೇಮಿಗೆ ತಡೆಯೋದಿಲ್ಲ. ಹೀಗೆ ಎಂಜಿನ್ ಕೂರಿಸಿದ ಸೈಕಲ್ ಒಂದು ನಮ್ಮ ಗ್ಯಾರೇಜಿಗೆ ಬಂದಿತ್ತು, "ಹ್ಯಾಂಡಲ್ ಯಾಕೋ ಎಳೆಯುತ್ತದೆ" ಅಂತ. ಬಟ್ಟೆಯಲ್ಲಿ ಒರೆಸಿ ನೋಡಿದರೆ ಮುಂದಿನ ಫೋರ್ಕಿನ ಭುಜದ ಕೆಳಗೆ, ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ತುಕ್ಕಿನ ಗೆರೆ. ಉಗುರು ಹಚ್ಚಿದರೆ ಸಿಕ್ಕಿಕೊಳ್ಳುತ್ತಿತ್ತು. ಅದು ಬಿರುಕು. ಅದೇ ಸೈಕಲ್ಲನ್ನು ಆ ಹುಡುಗ ಅವತ್ತು ಬೆಳಗ್ಗೆ ಹೈವೇ ಮೇಲೆ ಓಡಿಸಿಕೊಂಡು ಬಂದಿದ್ದ.

ಕಳೆ ಮಷಿನ್ ಎಂಜಿನ್ ಬಗ್ಗೆ. ಅದು ಪೂರ್ತಿ ಶಕ್ತಿ ಕೊಡೋದು ನಿಮಿಷಕ್ಕೆ ಸುಮಾರು 7000 ಸುತ್ತಿನಲ್ಲಿ. ಸೈಕಲ್ ಚಕ್ರ ಗಂಟೆಗೆ 25 ಕಿಲೋಮೀಟರ್ ಓಡುವಾಗ ನಿಮಿಷಕ್ಕೆ 200 ಸುತ್ತು ಅಷ್ಟೇ. ಅಂದರೆ 35ಕ್ಕೆ 1 ಇಳಿಸಬೇಕು. ಒಂದೇ ಚೈನಿನಲ್ಲಿ 9 ಹಲ್ಲಿಂದ 45 ಹಲ್ಲಿಗೆ ಹೋದರೂ 5ಕ್ಕೆ 1 ಆಗುತ್ತದೆ, ಉಳಿದದ್ದಕ್ಕೆ ನಡುವೆ ಇನ್ನೊಂದು ಶಾಫ್ಟ್, ಬೇರಿಂಗ್, ಇನ್ನೊಂದು ಜೋಡಿ ಪುಲ್ಲಿ ಅಥವಾ ಗೇರ್ ಬೇಕು. ನಿನಗೆ ಲೇತ್ ಬರುತ್ತದೆ, ಮಾಡಬಹುದು. ಆದರೆ ಅದರ ಕ್ಲಚ್ ಸುತ್ತು ಜಾಸ್ತಿಯಾದಾಗ ಮಾತ್ರ ಹಿಡಿಯೋ ಜಾತಿ. ಲೋಡ್ ಇಟ್ಟುಕೊಂಡು ನಿಧಾನಕ್ಕೆ ಏರು ಹತ್ತುವಾಗ ಸುತ್ತು ಇಳಿಯುತ್ತದೆ, ಕ್ಲಚ್ ಜಾರುತ್ತದೆ, ಲೈನಿಂಗ್ ಸುಡುತ್ತದೆ. ನಿನಗೆ ಬೇಕಾಗಿರೋದೇ ಏರು, ಅಲ್ಲೇ ಅದು ಕೈಕೊಡುತ್ತದೆ.

ನನ್ನ ಮಾತು ಕೇಳೋದಾದರೆ ಅಪ್ಪನ ಸೈಕಲ್ ಮುಟ್ಟಬೇಡ. ಅದೇ ಗುಜರಿಯಲ್ಲಿ ಗೇರ್ ಸೈಕಲ್ ಹುಡುಕು. ಹುಡುಗರು ಹೈಸ್ಕೂಲ್ ಮುಗಿಸಿದ ಮೇಲೆ ಮೂಲೆಗೆ ಎಸೆದದ್ದು ಬೇಕಾದಷ್ಟು ಬಂದಿರುತ್ತವೆ. ಸ್ಟೀಲ್ ಫ್ರೇಮ್, 26 ಇಂಚಿನ ದಪ್ಪ ಟೈರ್, ಮುಂದೆ ಡಿಸ್ಕ್ ಬ್ರೇಕ್ ಇರೋದು ನೋಡು. ಶಾಕಪ್ ನಡುವೆ ಇರೋ ಫ್ರೇಮ್ ಬೇಡ, ಬ್ಯಾಟರಿಗೆ ಜಾಗ ಇರೋದಿಲ್ಲ. ಹಳೆ ಸೈಕಲ್ಲಿಗೆ ಡಿಸ್ಕ್ ಫೋರ್ಕ್ ಹಾಕುತ್ತೇನೆ ಅಂತಲೂ ಹೊರಡಬೇಡ, ಫೋರ್ಕಿನ ಕೊಳವೆಯ ಅಳತೆಯೇ ಬೇರೆ, ಕೂರೋದಿಲ್ಲ.

ಮಂಡ್ಯ ಪೆಡಲ್:

ಇಷ್ಟೆಲ್ಲ ಯಾಕೆ? ಗುಜರಿಯಲ್ಲಿ ಕಾರಿನ ಸ್ಟಾರ್ಟರ್ ಮೋಟರ್ ಸಿಗುತ್ತದಲ್ಲ, ಇಲ್ಲ ಲಾರಿ ವೈಪರ್ ಮೋಟರ್. ಒಂದು ಕಾರ್ ಬ್ಯಾಟರಿ ಇಟ್ಟರೆ ಓಡುತ್ತದೆ. ಸುಮಾರು ವಿಡಿಯೋ ನೋಡಿದ್ದೇನೆ.

ಬೆಸುಗೆ ಅಕ್ಕ:

ಮಂಡ್ಯದವರೇ, ಸ್ಟಾರ್ಟರ್ ಮೋಟರ್ ಕೆಲವೇ ಸೆಕೆಂಡ್ ತಿರುಗಲಿ ಅಂತ ಮಾಡಿದ್ದು. ನೂರಕ್ಕಿಂತ ಜಾಸ್ತಿ ಆಂಪಿಯರ್ ಎಳೆಯುತ್ತದೆ, ಒಂದೆರಡು ನಿಮಿಷ ಸತತವಾಗಿ ಓಡಿಸಿದರೆ ಒಳಗಿನ ತಂತಿಸುತ್ತು ಸುಟ್ಟ ವಾಸನೆ ಬರುತ್ತದೆ. ವೈಪರ್ ಮೋಟರಿಗೆ ಗೇರ್ ಇರೋದರಿಂದ ಜೋರಾಗಿ ತಿರುಗಿಸುತ್ತದೆ ಅನ್ನಿಸುತ್ತದೆ, ಆದರೆ ಒಟ್ಟು ಶಕ್ತಿ ತೀರಾ ಕಡಿಮೆ. ಸಮತಟ್ಟು ಅಂಗಳದಲ್ಲಿ ವಿಡಿಯೋಗೆ ಓಡುತ್ತದೆ, ಹಾಲಿನ ಕ್ಯಾನು ಕಟ್ಟಿಕೊಂಡು ಏರು ಹತ್ತೋದಿಲ್ಲ. ಟ್ರೆಡ್‌ಮಿಲ್ ಮೋಟರ್ ಕೂಡ ಯಾರಾದರೂ ಹೇಳಬಹುದು. ಅದು ನೂರು ವೋಲ್ಟಿನ ಆಚೀಚೆ ಓಡೋದು, 24 ವೋಲ್ಟಿಗೆ ತೆವಳುತ್ತದೆ.

ಫಿಟ್ಟರ್ ತಮ್ಮಾ, ನಿಮಗೆ ಎಷ್ಟು ಶಕ್ತಿ ಬೇಕು ಅಂತ ಮೊದಲು ಲೆಕ್ಕ ಹಾಕೋಣ. ಸೈಕಲ್, ಅಪ್ಪ, ಕ್ಯಾನು, ಮೋಟರ್, ಬ್ಯಾಟರಿ ಎಲ್ಲ ಸೇರಿ 120 ಕೆಜಿ ಅಂದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗೋಕೆ ಚಕ್ರಕ್ಕೆ ಬೇಕಾಗೋದು ಸುಮಾರು 130 ವ್ಯಾಟ್. ನೂರು ಮೀಟರಿಗೆ ಐದು ಮೀಟರ್ ಎತ್ತರ ಏರುವ ರಸ್ತೆಯಲ್ಲಿ 10 ಕಿಲೋಮೀಟರ್ ವೇಗಕ್ಕೆ ಸುಮಾರು 200 ವ್ಯಾಟ್. ಅದೇ 40 ಕಿಲೋಮೀಟರ್ ವೇಗದಲ್ಲಿ ಹೋಗಬೇಕು ಅಂದರೆ ಸಮತಟ್ಟಿನಲ್ಲೇ 600 ದಾಟುತ್ತದೆ, ಗಾಳಿಯೇ ಎಲ್ಲ ತಿಂದುಹಾಕುತ್ತದೆ. ನಿಮಗೆ ಸ್ಪೀಡ್ ಬೇಡ ಅಂದಿರಲ್ಲ, ಆ ಒಂದು ಮಾತು ಕೆಲಸವನ್ನು ಅರ್ಧ ಸುಲಭ ಮಾಡಿದೆ. 250 ವ್ಯಾಟಿನ ಮೋಟರ್, ಜೊತೆಗೆ ಅಪ್ಪ ಮೆಲ್ಲಗೆ ಪೆಡಲ್ ತುಳಿದರೆ ಸಾಕು.

24 ವೋಲ್ಟ್, 250 ವ್ಯಾಟ್, ಗೇರ್ ಡಬ್ಬಿ ಸಮೇತ ಬರೋ ಮೋಟರ್ ನೋಡಿ. ಕೆಟ್ಟ ಇ-ಸೈಕಲ್‌ಗಳಲ್ಲಿ ಸಿಗುತ್ತದೆ, ಹೊಸದೂ ಸಿಗುತ್ತದೆ. ಗೇರ್ ಡಬ್ಬಿಯಿಂದ ಹೊರಬರೋ ಶಾಫ್ಟ್ ನಿಮಿಷಕ್ಕೆ 300 ಸುತ್ತಿನ ಆಸುಪಾಸು, ಅದಕ್ಕೆ 9 ಹಲ್ಲಿನ ಚಿಕ್ಕ ಚಕ್ರ, ಸೈಕಲ್ ಚೈನೇ ಕೂರುತ್ತದೆ. ಚಕ್ರದ ಕಡೆ 18 ಹಲ್ಲು ಹಾಕಿದರೆ 26 ಇಂಚಿನ ಟೈರಿಗೆ ಗಂಟೆಗೆ 18–19 ಕಿಲೋಮೀಟರ್ ಬರುತ್ತದೆ. 22 ಹಲ್ಲು ಹಾಕಿದರೆ ಇನ್ನೂ ನಿಧಾನ, ಏರಿಗೆ ಇನ್ನೂ ಒಳ್ಳೇದು. ನಾನಾದರೆ 22 ಹಾಕುತ್ತೇನೆ.

ಇನ್ನು ಬ್ಯಾಟರಿ. ಆ ಮೂರರಲ್ಲಿ ನಿಜವಾಗಿ ಬೆಲೆಬಾಳೋದು ಬೀದಿದೀಪದ ಸೆಲ್‌ಗಳು. ಅವು ಬಹುಪಾಲು ಲಿಥಿಯಂ ಐರನ್ ಫಾಸ್ಫೇಟ್, ಒಂದೊಂದು 3.2 ವೋಲ್ಟ್. ಹೆಬ್ಬೆರಳಿಗಿಂತ ದಪ್ಪ ಇದ್ದು ಮೇಲೆ 32650 ಅಂತ ಬರೆದಿದ್ದರೆ ಹೊಸದಾಗಿದ್ದಾಗ 5–6 ಆಂಪಿಯರ್ ಅವರ್ ಸಾಮರ್ಥ್ಯ ಇತ್ತು. ಲ್ಯಾಪ್‌ಟಾಪ್ ಸೆಲ್ಲಿಗಿಂತ ಇವು ಬೆಂಕಿ ವಿಷಯದಲ್ಲಿ ಎಷ್ಟೋ ಮೇಲು. ಹಾಗಂತ ಹುಷಾರಿಲ್ಲದೆ ಮುಟ್ಟುವಂತಿಲ್ಲ. ಎಂಟು ಸೆಲ್ ಸಾಲಾಗಿ ಸೇರಿಸಿದರೆ 25.6 ವೋಲ್ಟ್. ಅಂಥ ಮೂರು ಸಾಲು ಅಕ್ಕಪಕ್ಕ, ಒಟ್ಟು 24 ಸೆಲ್. ಎರಡೇ ಸಾಲಾದರೂ ಓಡುತ್ತದೆ, ಆದರೆ ಮೋಟರ್ ಪೂರ್ತಿ ಲೋಡಿನಲ್ಲಿ 13 ಆಂಪಿಯರ್ ಎಳೆಯುವಾಗ ಹಳೆ ಸೆಲ್‌ಗಳಿಗೆ ಅದು ಜಾಸ್ತಿ.

ಗುಜರಿಯಲ್ಲೇ ಮೀಟರ್ ಹಿಡಿದು ಅಳೆಯಿರಿ. 2 ವೋಲ್ಟಿಗಿಂತ ಕೆಳಗೆ ಇಳಿದದ್ದು, ಉಬ್ಬಿದ್ದು, ತುದಿಯಲ್ಲಿ ಬಿಳಿ ಪುಡಿ ಕಂಡದ್ದು ಎಷ್ಟೇ ಅಗ್ಗ ಇದ್ದರೂ ಬೇಡ. ಉಳಿದವನ್ನು ಒಂದೊಂದಾಗಿ 3.65 ವೋಲ್ಟಿಗೆ ಚಾರ್ಜ್ ಮಾಡಿ, ಒಂದು ವಾರ ಸುಮ್ನೆ ಇಡಿ. ಚಾರ್ಜರ್ ತೆಗೆದ ಮೇಲೆ 3.3ರ ಹತ್ತಿರ ಬಂದು ನಿಲ್ಲೋದು ಸಹಜ. ಅಲ್ಲಿಂದಲೂ ಕೆಳಗೆ ಇಳಿಯುತ್ತಾ ಹೋಗೋದು ಒಳಗೇ ಸೋರುತ್ತಿದೆ ಅಂತ ಅರ್ಥ, ಪಕ್ಕಕ್ಕಿಡಿ. ಆಮೇಲೆ ಪ್ರತಿಯೊಂದನ್ನೂ ಖಾಲಿ ಮಾಡಿ ಎಷ್ಟು ಆಂಪಿಯರ್ ಅವರ್ ಕೊಟ್ಟಿತು ಅಂತ ಅದರ ಮೈಮೇಲೇ ಮಾರ್ಕರ್‌ನಲ್ಲಿ ಬರೆಯಿರಿ, ಒಂದೇ ತರದವನ್ನು ಜೋಡಿ ಮಾಡಿ. ಬಿಎಂಎಸ್ (ಸೆಲ್‌ಗಳು ಮಿತಿ ಮೀರಿ ಚಾರ್ಜ್ ಆಗದಂತೆ, ಪೂರ್ತಿ ಖಾಲಿಯಾಗದಂತೆ ಕಾಯೋ ಬೋರ್ಡ್) ಇಲ್ಲದೆ ಪ್ಯಾಕ್ ಕಟ್ಟಲೇಬೇಡಿ. ಅದೊಂದನ್ನು ಗುಜರಿಯಲ್ಲಿ ಹುಡುಕಬೇಡಿ, ಎಂಟು ಸೆಲ್ಲಿನ ಐರನ್ ಫಾಸ್ಫೇಟ್ ಬಿಎಂಎಸ್ ಹೊಸದು ತಗೊಳ್ಳಿ. ಚಾರ್ಜರ್ ಕೂಡ 29.2 ವೋಲ್ಟಿನದೇ ಬೇಕು.

ಒಂದು ಕಿಲೋಮೀಟರಿಗೆ ಬ್ಯಾಟರಿಯಿಂದ ಸುಮಾರು 10 ವ್ಯಾಟ್ ಅವರ್ ಖರ್ಚು ಅಂತ ಇಟ್ಟುಕೊಳ್ಳಿ. ಹೋಗಿ ಬರೋದು ಎಂಟು ಕಿಲೋಮೀಟರ್, ಅಂದರೆ 80. ಸವೆದ ಸೆಲ್‌ಗಳಾದರೂ ಈ ಪ್ಯಾಕ್ 250–300 ಕೊಡಬೇಕು. ಬೆಳಗ್ಗೆ, ಸಾಯಂಕಾಲ ಎರಡಕ್ಕೂ ಒಂದೇ ಚಾರ್ಜ್ ಸಾಕು.

ಹುಬ್ಬಳ್ಳಿ ವಕೀಲ:

ತಾಂತ್ರಿಕ ವಿಷಯ ಇವರು ಹೇಳಿದ್ದಾರೆ, ನಾನು ಕಾನೂನು ಹೇಳುತ್ತೇನೆ. ತಂದೆಯವರಿಗೆ ಲೈಸೆನ್ಸ್ ಇಲ್ಲ ಅಂತ ಬರೆದಿದ್ದೀರಿ, ಅದಕ್ಕೇ ಇದು ಮುಖ್ಯ.

1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮಿನ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಕಳೆ ಮಷಿನ್ 35 ಸಿಸಿ, ಟಿವಿಎಸ್ ಸುಮಾರು 50. ಎರಡೂ ಮೀರಿದವು. ಅಂದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಬೇಕು, ಮನೆಯಲ್ಲಿ ಕಟ್ಟಿದ ಗಾಡಿಗೆ ನೋಂದಣಿ ಮಾಡಿಸುವುದು ನಿಮ್ಮಿಂದ ಆಗುವ ಕೆಲಸವಲ್ಲ. ದಂಡ ಕಟ್ಟಿದರಾಯಿತು ಅಂದುಕೊಳ್ಳಬೇಡಿ. ಯಾರಿಗಾದರೂ ಡಿಕ್ಕಿಯಾದರೆ ವಿಮೆ ಇಲ್ಲದ ಗಾಡಿಯ ಪರಿಹಾರ ಪೂರ್ತಿ ನಿಮ್ಮ ಮನೆಯ ಮೇಲೆ ಬರುತ್ತದೆ. ಟಿವಿಎಸ್ ಎಂಜಿನ್ನಿಗೆ ಪೇಪರ್ ಇಲ್ಲ ಅಂತೀರಿ. ಅದರ ಮೇಲಿನ ನಂಬರ್ ಯಾರದೋ ಆರ್‌ಸಿಯಲ್ಲಿ ಇರುತ್ತದೆ. ಕಳುವಾದ ಗಾಡಿಯದ್ದಾಗಿದ್ದರೆ ಉತ್ತರ ಕೊಡಬೇಕಾದವರು ನೀವು. ಅದನ್ನು ಬಿಟ್ಟುಬಿಡಿ.

ಬ್ಯಾಟರಿ ಗಾಡಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವಿನಾಯಿತಿ ಇದೆ. ಮೋಟರ್ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಪೆಡಲ್ ಸೈಕಲ್ ಆದರೆ ವೇಗ 25 ಮುಟ್ಟುವಷ್ಟರಲ್ಲಿ ಮೋಟರ್ ಬಲ ಕಡಿಮೆಯಾಗುತ್ತಾ ನಿಂತುಬಿಡಬೇಕು, ತುಳಿಯುವುದು ನಿಲ್ಲಿಸಿದರೂ ನಿಲ್ಲಬೇಕು. ಒಂದು ಮಾತು ಬಚ್ಚಿಡುವುದಿಲ್ಲ: ಈ ವಿನಾಯಿತಿಗೆ ಪುಣೆಯ ಎಆರ್‌ಎಐ ತರದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವೂ ಬೇಕು ಅಂತ ನಿಯಮದಲ್ಲೇ ಇದೆ, ಮನೆಯಲ್ಲಿ ಮಾಡಿದ್ದಕ್ಕೆ ಅದು ಇರುವುದಿಲ್ಲ. ಅದಕ್ಕೆ ಕನಿಷ್ಠ ಈ ಮಿತಿಯೊಳಗೇ ಇರಿ (ಮೇಲೆ ಹೇಳಿದ 250 ವ್ಯಾಟಿನ ಮೋಟರ್ ಸರಿಯಾಗಿ 0.25 ಕಿಲೋವ್ಯಾಟ್, ಅಂದರೆ ಮಿತಿಯ ಅಂಚಿನಲ್ಲಿದೆ, ನಿಯಮ ಅದಕ್ಕಿಂತ ಕಡಿಮೆ ಅನ್ನುತ್ತದೆ), ಮೋಟರಿನ ಮೇಲಿನ ಲೇಬಲ್ ಕೀಳಬೇಡಿ, ಹಳ್ಳಿ ರಸ್ತೆ ಬಿಟ್ಟು ಹೆದ್ದಾರಿಗೆ ಹೋಗಬೇಡಿ. ಪೆಡಲ್ ತುಳಿದರೆ ಮಾತ್ರ ಓಡುವ ಸೆನ್ಸರ್ ಹಾಕಿಸಿ.

ಹಳೆ ಗಾಡಿ ಪ್ರೇಮಿ:

ಈ ಹುಡುಗ ಮಾಡುತ್ತಿರೋದು ದೊಡ್ಡ ಪರಂಪರೆಯ ಕೆಲಸ, ಅದನ್ನು ಹೇಳಲೇಬೇಕು ಅನ್ನಿಸಿತು. 1946ರಲ್ಲಿ ಜಪಾನಿನ ಹಮಾಮತ್ಸುವಿನಲ್ಲಿ ಸೋಯಿಚಿರೊ ಹೋಂಡಾ ಮಾಡಿದ್ದೂ ಇದನ್ನೇ. ಯುದ್ಧ ಮುಗಿದಿತ್ತು, ಬಸ್ಸು ರೈಲು ಕಿಕ್ಕಿರಿದು ತುಂಬುತ್ತಿದ್ದವು. ಸೈನ್ಯದ ರೇಡಿಯೋಗಳಿಗೆ ಕರೆಂಟ್ ಕೊಡುತ್ತಿದ್ದ ಸಣ್ಣ ಜನರೇಟರ್ ಎಂಜಿನ್ನುಗಳು ಬೇಡವಾಗಿ ಬಿದ್ದಿದ್ದವು. ಅವನ್ನು ತಂದು ಸೈಕಲ್ಲಿಗೆ ಕೂರಿಸಿದರು. ಮೊದಲನೆಯದಕ್ಕೆ ಪೆಟ್ರೋಲ್ ಟ್ಯಾಂಕ್ ಆಗಿದ್ದು ಮನೆಯಲ್ಲಿದ್ದ ಬಿಸಿನೀರಿನ ಡಬ್ಬಿ, ಚಳಿಗೆ ಹಾಸಿಗೆಯೊಳಗೆ ಇಟ್ಟುಕೊಳ್ಳುತ್ತಾರಲ್ಲ, ಅದು. ಫ್ರಾನ್ಸಿನ ವೆಲೋಸೋಲೆಕ್ಸ್ ಕೂಡ ಅದೇ 1946ರಲ್ಲಿ ಮಾರಾಟಕ್ಕೆ ಬಂತು, ಮುಂದಿನ ಚಕ್ರದ ಮೇಲೆ ಎಂಜಿನ್, ಒಂದು ರೋಲರ್ ಟೈರಿಗೆ ಒತ್ತಿಕೊಂಡು ತಿರುಗಿಸುತ್ತಿತ್ತು. ನಮ್ಮಲ್ಲಿ 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50. ಎರಡಕ್ಕೂ ಪೆಡಲ್ ಇತ್ತು.

ಫಿಟ್ಟರ್ ಅವರೇ, ರೋಲರ್ ವಿಧಾನ ತುಂಬಾ ಸುಲಭ ಅಂತ ನಿಮಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಒಣ ರಸ್ತೆಗೆ ಸರಿ, ಮಲೆನಾಡಿನ ಕೆಸರಿಗೆ ಜಾರುತ್ತದೆ, ಟೈರ್ ಸವೆಸುತ್ತದೆ. ಚೈನೇ ಇರಲಿ.

ಸಾಗರದ ಫಿಟ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಂಜಿನ್ ಆಸೆ ಬಿಟ್ಟೆ. ಗುಜರಿಯಲ್ಲಿ ಗೇರ್ ಸೈಕಲ್ ಸಿಕ್ಕಿದೆ, ಮುಂದೆ ಹಿಂದೆ ಎರಡೂ ಡಿಸ್ಕ್. ಫ್ರೇಮ್ ಪೂರ್ತಿ ಒರೆಸಿ, ಜಾಯಿಂಟ್ ಎಲ್ಲ ಟಾರ್ಚ್ ಹಾಕಿ ನೋಡಿದೆ, ಬಿರುಕಿಲ್ಲ. ಹಿಂದಿನ ರಿಮ್ ಸ್ವಲ್ಪ ಅಲ್ಲಾಡುತ್ತದೆ, ಕಡ್ಡಿ ಬಿಗಿ ಮಾಡಿಸುತ್ತೇನೆ.

ಎರಡು ಪ್ರಶ್ನೆ. ಹಿಂದಿನ ಚಕ್ರದ ಎಡಗಡೆ ಡಿಸ್ಕ್ ಕೂರೋ ಆರು ಬೋಲ್ಟಿನ ಜಾಗದಲ್ಲಿ ಮೋಟರಿನ ಚೈನ್ ವೀಲ್ ಕೂರಿಸಬಹುದಾ? ಬ್ಯಾಟರಿ ಡಬ್ಬಿ ಎಲ್ಲಿಡಲಿ, ಕ್ಯಾರಿಯರ್ ಮೇಲೆ ಕ್ಯಾನು ಇರುತ್ತದೆ.

ಗ್ಯಾರೇಜ್ ಮಾವ, ದಾವಣಗೆರೆ:

ಕೂರಿಸಬಹುದು. ಆ ಆರು ಬೋಲ್ಟಿನ ವೃತ್ತ 44 ಮಿಲಿಮೀಟರ್, ಲೇತಿನಲ್ಲಿ ಒಂದು ಅಡಾಪ್ಟರ್ ಮಾಡಿಕೋ. ಕಡ್ಡಿಗಳ ನಡುವೆ ರಬ್ಬರ್ ಪಟ್ಟಿ ಇಟ್ಟು ಚೈನ್ ವೀಲ್ ಬಿಗಿಯೋ ವಿಧಾನಕ್ಕಿಂತ ಇದು ಎಷ್ಟೋ ವಾಸಿ, ಅದರಲ್ಲಿ ಕಡ್ಡಿ ಮುರಿಯುತ್ತವೆ. ಆದರೆ ಹಿಂದಿನ ಡಿಸ್ಕ್ ಹೋಗುತ್ತದೆ. ಅದಕ್ಕೆ ಬದಲು ರಿಮ್ ಹಿಡಿಯೋ ವಿ-ಬ್ರೇಕ್ ಹಾಕಲೇಬೇಕು, ಫ್ರೇಮಿನಲ್ಲಿ ಅದರ ಗೂಟ ಇದೆಯಾ ನೋಡು. ಇಲ್ಲದಿದ್ದರೆ ಎಡಗಡೆ ಬೇಡ, ಬಲಗಡೆಯೇ ಎರಡು ಚೈನ್ ಹಾಕೋ ದಾರಿ ಹುಡುಕು. ಒಂದೇ ಬ್ರೇಕಿನಲ್ಲಿ ಅಪ್ಪನನ್ನು ಕಳಿಸಬೇಡ.

ಇನ್ನೊಂದು. ಮಾಮೂಲಿ ಫ್ರೀವೀಲ್ ಎಡಗಡೆಗೆ ತಿರುಗಿಸಿ ಹಾಕಿದರೆ ಎಳೆಯೋ ದಿಕ್ಕಿನಲ್ಲೇ ಟಿಕ್ ಟಿಕ್ ಅಂತ ಸುಮ್ಮನೆ ತಿರುಗುತ್ತದೆ, ಚಕ್ರ ಅಲ್ಲಾಡೋದಿಲ್ಲ. ಎಡಗಡೆಯದ್ದೇ ಫ್ರೀವೀಲ್ ಕೇಳಿ ತಗೋ. ಫ್ರೀವೀಲ್ ಇಲ್ಲದೆ ಗಟ್ಟಿಯಾಗಿ ಬಿಗಿದರೆ ಚಾರ್ಜ್ ಮುಗಿದಾಗ ಅಪ್ಪ ಮೋಟರನ್ನೂ ಸೇರಿಸಿ ತುಳಿಯಬೇಕಾಗುತ್ತದೆ. ಮೋಟರ್ ಪ್ಲೇಟನ್ನು ಯು-ಬೋಲ್ಟಿನಲ್ಲಿ ಹಿಡಿಸು, ಒಳಗೆ ಹಳೆ ಟ್ಯೂಬಿನ ತುಂಡು ಇಡು. ವೆಲ್ಡಿಂಗ್ ಬೇಡ.

ಬೆಸುಗೆ ಅಕ್ಕ:

ಬ್ಯಾಟರಿ ಫ್ರೇಮಿನ ತ್ರಿಕೋನದೊಳಗೆ. ಹಿಂದೆ ಕ್ಯಾನಿನ ಭಾರ ಇರುವಾಗ ಬ್ಯಾಟರಿಯೂ ಅಲ್ಲೇ ಆದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಆಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸೆಲ್ಲುಗಳು ಅಲುಗದ ಹಾಗೆ ಫೋಮ್. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್, ದೂರದಲ್ಲಿ ಅಲ್ಲ. ಮೋಟರ್ ವೈರ್ 2.5 ಚದರ ಮಿಲಿಮೀಟರ್ ತಾಮ್ರದ್ದು. ಬ್ರೇಕ್ ಹಿಡಿಕೆ ಸ್ವಿಚ್ ಇರೋದೇ ತಗೊಳ್ಳಿ, ಹಿಡಿದ ತಕ್ಷಣ ಮೋಟರ್ ಕಟ್ ಆಗಬೇಕು, ಇದನ್ನು ಎರಡೂ ಕೈಯಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿ. ಕಂಟ್ರೋಲರಿನ (ಮೋಟರಿಗೆ ಹೋಗೋ ಕರೆಂಟ್ ನಿಯಂತ್ರಿಸೋ ಡಬ್ಬಿ) ವೈರುಗಳು ಕೆಳಮುಖವಾಗಿ ಹೊರಬರಲಿ, ಸ್ವಲ್ಪ ಜೋತುಬಿದ್ದು ಆಮೇಲೆ ಮೇಲೆ ಹೋಗಲಿ, ಮಳೆನೀರು ವೈರ್ ಹಿಡಿದು ಒಳಗೆ ಇಳಿಯೋದಿಲ್ಲ.

ಚಾರ್ಜ್ ಮಾಡೋದು ಅಂಗಳದಲ್ಲೋ ಸಿಮೆಂಟ್ ಕಟ್ಟೆ ಮೇಲೋ ಇರಲಿ, ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ಬೇಡ, ರಾತ್ರಿ ಎಲ್ಲರೂ ಮಲಗಿದ ಮೇಲೂ ಬೇಡ.

ಅಪ್ಪನ ಕೈಗೆ ಕೊಡುವ ಮುಂಚೆ ಕ್ಯಾನಿಗೆ ಹಾಲಿನಷ್ಟೇ ನೀರು ತುಂಬಿಸಿ ಆ ಏರಿಗೆ ನೀವೇ ಹತ್ತಿಸಿ, ಇಳಿಜಾರಿನಲ್ಲಿ ನಡುವೆ ನಿಲ್ಲಿಸಿ ನೋಡಿ. ಮೇಲೆ ಹೋದ ಕೂಡಲೇ ಮೋಟರ್ ಮುಟ್ಟಿ, ಎರಡು ಸೆಕೆಂಡ್ ಕೈ ಇಡಲಾಗದಷ್ಟು ಬಿಸಿ ಇದ್ದರೆ ಚಕ್ರದ ಕಡೆ ಹಲ್ಲು ಇನ್ನೂ ಜಾಸ್ತಿ ಮಾಡಬೇಕು. ಸೆಲ್ ಅಳೆದ ಪಟ್ಟಿ ಇಲ್ಲಿ ಹಾಕಿ, ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಅಂತ ನೋಡಿ ಹೇಳುತ್ತೇನೆ.